ಉಪ್ಪಿನಕಾಯಿ ಜಾಡಿಯಲ್ಲಿ ಟರ್ಪೆಂಟೈನ್

ಆ ವರ್ಷದ ಮಾವಿನಕಾಯಿ ಉಪ್ಪಿನಕಾಯಿಯನ್ನು ಕೆಡಿಸಿದವಳು ಗೌರಿಯಲ್ಲ, ನಾನು. ಅದು ಗೊತ್ತಿದ್ದೂ, ಅಪವಾದ ಅವಳ ತಲೆಗೆ ಬಂದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ. ಒಂದು ದಿನ, ಎರಡು ದಿನವಲ್ಲ — ವರ್ಷಗಟ್ಟಲೆ.

ಗೌರಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಗುಂಡ್ಲುಪೇಟೆಯ ಹುಡುಗಿ. ಚಾಮರಾಜನಗರದ ನಮ್ಮ ಮನೆಗೆ ಬಂದಾಗ ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಂದ ದಿನದಿಂದಲೇ ಅಕ್ಕ ಅಕ್ಕ ಎಂದು ನನ್ನ ಹಿಂದೆ ಮುಂದೆ ತಿರುಗಿದವಳು. ನನಗೋ ಬಣ್ಣದ ಹುಚ್ಚು. ಗಾಜಿನ ಮೇಲೆ ಎಣ್ಣೆ ಬಣ್ಣದಲ್ಲಿ ಗಿಣಿ, ನವಿಲು, ಬಾಳೆಗೊನೆ ಬರೆಯುತ್ತಿದ್ದೆ. ಹೊಗಳಿಕೊಳ್ಳುತ್ತೇನೆ ಅಂದುಕೊಂಡರೂ ಪರವಾಗಿಲ್ಲ, ಚೆನ್ನಾಗಿಯೇ ಬರೆಯುತ್ತಿದ್ದೆ.

ಬಣ್ಣ ತೆಳುವಾಗಲು, ಕುಂಚ ತೊಳೆಯಲು ಟರ್ಪೆಂಟೈನ್ ಬೇಕು. ಮೈಸೂರಿನಿಂದ ನಮ್ಮಣ್ಣ ತಂದುಕೊಡುತ್ತಿದ್ದ. ತಂದದ್ದನ್ನು ಇಡುವುದೆಲ್ಲಿ? ಅಯ್ಯೋ, ಆ ಪಾಡು ಕೇಳಬೇಡಿ! ಔಷಧಿ ಸೀಸೆಗೆ ಹಾಕಿದರೆ ಬಿರಡೆ ಪುಡಿಯಾಗಿ ಒಳಗೇ ಉದುರಿತು. ಗೋಲಿ ಸೋಡಾದ ಸೀಸೆಗೆ ಹಾಕಿದೆ, ಅದರ ರಬ್ಬರ್ ಬಳೆ ಊದಿಕೊಂಡು ಗೋಲಿ ಸಿಕ್ಕಿಹಾಕಿಕೊಂಡು ಒಂದು ತೊಟ್ಟೂ ಹೊರಗೆ ಬರಲಿಲ್ಲ. ಮಣ್ಣಿನ ಕುಡಿಕೆಯಲ್ಲಿಟ್ಟರೆ ಜಿನುಗಿ ಗೂಡೆಲ್ಲ ಒದ್ದೆ. ತಗಡಿನ ಡಬ್ಬಿ ತುಕ್ಕು ಹಿಡಿದು, ನನ್ನ ಬಿಳಿ ಕೊಕ್ಕರೆ ಕಾವಿ ಬಣ್ಣಕ್ಕೆ ತಿರುಗಿತು. ಇದರ ಮೇಲೆ ಅತ್ತೆಯ ಅಪ್ಪಣೆ ಬೇರೆ. “ಆ ನಾತದ ಎಣ್ಣೆ ನನ್ ಮನೇಲಿ ಇರ್ಕೂಡ್ದು ಕಣಮ್ಮಿ. ಚಿತ್ರ ಬರ್ಕೊ, ಬ್ಯಾಡ ಅನ್ನಕಿಲ್ಲ. ಅದ್ನ ಮಾತ್ರ ಆಚ್ಗೆ ಹಾಕು.”

ಆಗ ನನಗೆ ಹೊಳೆದದ್ದು ಉಗ್ರಾಣದ ಕೋಣೆಯ ಉಪ್ಪಿನಕಾಯಿ ಜಾಡಿಗಳು. ಪಿಂಗಾಣಿ — ಜಿನುಗುವುದಿಲ್ಲ, ತುಕ್ಕಿಲ್ಲ, ದಪ್ಪ ಮುಚ್ಚಳ, ಮೇಲೆ ಬಟ್ಟೆಯ ಕಟ್ಟು. ಎಲ್ಲಕ್ಕಿಂತ ಮಿಗಿಲಾಗಿ, ಅತ್ತೆಯ ಮಾತಿಲ್ಲದೆ ಅವುಗಳನ್ನು ಯಾರೂ ಮುಟ್ಟುವಂತಿಲ್ಲ. ಹೆಂಗಸರು ಮುಟ್ಟಾದಾಗಲಂತೂ ಆ ಕೋಣೆಯ ಹೊಸ್ತಿಲ ಕಡೆ ನೋಡುವಂತೆಯೂ ಇಲ್ಲ. ಮುಟ್ಟಾದವಳ ಕೈ ಸೋಕಿದರೆ, ನೆರಳು ಬಿದ್ದರೂ ಸರಿ, ಉಪ್ಪಿನಕಾಯಿ ಕೆಡುತ್ತದೆ ಎಂಬುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ಹಿಂದಿನ ಸಾಲಿನಲ್ಲೊಂದು ಖಾಲಿ ಜಾಡಿ ಇತ್ತು. ಯಾರೂ ಕಾಣದ ಹೊತ್ತು ನೋಡಿ ಅದಕ್ಕೆ ಸುರಿದೆ. ಏನು ಬುದ್ಧಿವಂತಿಕೆ ನನ್ನದು ಎಂದು ನನಗೆ ನಾನೇ ಬೀಗಿದೆ.

ಇಡುವ ಪಾತ್ರೆಯ ಬಗ್ಗೆ ಅಷ್ಟು ಯೋಚಿಸಿದವಳು, ತೆಗೆಯುವ ಪಾತ್ರೆಯ ಬಗ್ಗೆ ಯೋಚಿಸಲಿಲ್ಲ. ಗೋಡೆಯಲ್ಲಿ ಉಪ್ಪಿನಕಾಯಿ ತೆಗೆಯುವ ಚಿಪ್ಪಿನ ಸೌಟು ನೇತಾಡುತ್ತಿತ್ತು. ಅದರಲ್ಲೇ ಬಟ್ಟಲಿಗೆ ಬಿಟ್ಟುಕೊಂಡು, ಸೆರಗಿನಿಂದ ಒರೆಸಿ ಮತ್ತೆ ನೇತುಹಾಕುತ್ತಿದ್ದೆ. ಒರೆಸಿದರೆ ಹೋಯಿತೆಂದುಕೊಂಡೆ — ತೆಂಗಿನ ಚಿಪ್ಪು, ಮರದ ಹಿಡಿ, ಎಲ್ಲ ಕುಡಿದಿಟ್ಟುಕೊಂಡಿರುತ್ತವೆ ಎನ್ನುವುದು ಆ ಬುದ್ಧಿವಂತೆಗೆ ತಿಳಿಯಲಿಲ್ಲ.

ಒಂದು ಬೆಳಗ್ಗೆ ಅತ್ತೆ ಹೊಸ ಜಾಡಿಯ ಬಟ್ಟೆ ಬಿಚ್ಚಿದರು. ಹಿಂದಿನ ವಾರ ಅದೇ ಸೌಟಿನಿಂದ ಕದಡಿ ಕಟ್ಟಿಟ್ಟಿದ್ದ ಜಾಡಿ. ಮೂಸಿದರು, ನಾಲಿಗೆಗಿಟ್ಟರು, ಥೂ ಎಂದು ಉಗಿದರು. ಟರ್ಪೆಂಟೈನಿನ ವಾಸನೆ ಇಂಗು ಮೆಂತ್ಯದ ಜೊತೆ ಬೆರೆತು ಏನೋ ಒಂದು ಕಮಟು ನಾತವಾಗಿತ್ತು. ಯಾರಿಗೂ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಗೌರಿ ಆ ವಾರವಷ್ಟೇ ಹೊರಗೆ ಕೂತು ನೀರು ಹಾಕಿಕೊಂಡು ಒಳಗೆ ಬಂದಿದ್ದಳು.

“ದಿನ ಸರ್ಯಾಗಿ ಎಣಿಸ್ದೆ ಏನಮ್ಮಿ ನೀನು? ಮುಟ್ನಲ್ಲೇ ಮುಟ್ಬುಟ್ಟೆ ಕಣ! ವರ್ಸದ ಉಪ್ಪಿನ್‌ಕಾಯಿ ಹಾಳ್ ಮಾಡ್ಬುಟ್ಟೆ!”

ಗೌರಿ ಇಲ್ಲ ಎನ್ನಲಿಲ್ಲ. ಬೆರಳು ಮಡಿಸಿ ಎಣಿಸಿದಳು. ಮತ್ತೆ ಎಣಿಸಿದಳು. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಸಾಕಿತ್ತು — ‘ಅತ್ತೆ, ಅದು ನಾನು’ ಎಂಬ ಒಂದು ಮಾತು. ಆಡಿದರೆ ಬಣ್ಣ, ಕುಂಚ, ಗಾಜು ಎಲ್ಲ ತಿಪ್ಪೆಗೆ ಹೋಗುತ್ತವೆಂದು ಹೆದರಿದೆ. ಆಡಲಿಲ್ಲ. ವಾಸನೆ ಹೋಗಲೆಂದು ಸೀಗೆಕಾಯಿ ಹಾಕಿ ಕೈ ಉಜ್ಜಿಕೊಂಡೆ.

ಅಲ್ಲಿಂದ ಗೌರಿಯ ಕೈ ‘ಕೆಟ್ಟ ಕೈ’ ಆಯಿತು. ಉಪ್ಪಿನಕಾಯಿ ಹಾಕುವಾಗ, ಸಂಡಿಗೆ ಇಡುವಾಗ ಅವಳು ದೂರ. ಸುದ್ದಿ ಉಡಿಗಾಲದ ನಾದಿನಿಯ ಮನೆಗೆ, ಹರವೆಯ ನೆಂಟರಿಗೆ, ಬಸ್ಸು ಹತ್ತಿ ಗುಂಡ್ಲುಪೇಟೆಯ ಅವಳ ತವರಿಗೂ ಹೋಯಿತು. ಮದುವೆಮನೆಗಳಲ್ಲಿ ಹೆಣ್ಣಿಗೆ ಅರಿಶಿನ ಹಚ್ಚಲು ಅವಳನ್ನು ಕರೆಯುವುದೇ ನಿಂತಿತು.

ನನಗೋ, ಆಮೇಲೆ ಒಳ್ಳೆಯ ಕಾಲ. ಜಾಡಿಯನ್ನು ಗುಟ್ಟಾಗಿ ಖಾಲಿ ಮಾಡಿ, ಆಸ್ಪತ್ರೆಯ ಕಾಂಪೌಂಡರರನ್ನು ಕಾಡಿ ಬೇಡಿ, ಗಾಜಿನದೇ ಬಿರಡೆ ಇರುವ ಕಂದು ಸೀಸೆ ಸಂಪಾದಿಸಿದೆ. ಹಿತ್ತಿಲ ಸೌದೆ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಎಂಥ ಸೀಸೆ ಅದು! ವಾಸನೆಯ ಸುಳಿವಿಲ್ಲ, ಒಂದು ತೊಟ್ಟೂ ಆರಲಿಲ್ಲ. ಇನ್ನು ಬೇಕಾದಷ್ಟೇ ಬಿಟ್ಟುಕೊಳ್ಳುವುದು ಹೇಗೆ? ಅದನ್ನು ಹೇಳಿಕೊಟ್ಟವಳು — ಬರೆಯಲು ನಾಚಿಕೆಯಾಗುತ್ತದೆ — ಗೌರಿಯೇ. ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಉದ್ದ ಮೂತಿಯ ಡಬ್ಬಿಯನ್ನು ತೊಳೆದು ತಂದು, “ತಗೊ ಅಕ್ಕ, ತಳ ಅಮುಕುದ್ರೆ ತೊಟ್ಟು ತೊಟ್ಟಾಗಿ ಬೀಳ್ತದೆ” ಎಂದಳು. ಬೆಳಗ್ಗೆ ಬೇಕಾದಷ್ಟನ್ನು ತುಂಬಿಕೊಂಡರೆ ಆಯಿತು. ಕೈ ಚೊಕ್ಕಟ, ಬಣ್ಣ ಚೊಕ್ಕಟ. ನನ್ನ ನವಿಲಿಗೆ ಆಗ ಬಂದ ಹೊಳಪು ಮೊದಲೆಂದೂ ಬಂದಿರಲಿಲ್ಲ. ಗುಂಡ್ಲುಪೇಟೆಯ ಶಾಲೆಯ ಹಬ್ಬಕ್ಕೆ ನನ್ನ ಚಿತ್ರಗಳನ್ನು ಕೇಳಿ ತರಿಸಿಕೊಂಡು ತೂಗುಹಾಕಿದರು. ಜನ ಮುಗಿಬಿದ್ದು ನೋಡಿದರು. ಅತ್ತೆ ಕೂಡ ಸೆರಗು ಸರಿಮಾಡಿಕೊಂಡು, “ನಮ್ ಸೊಸೆ ಬರ್ದಿರದು ಕಣ್ರವ್ವ” ಎಂದರು.

ಹೊರಡುವಾಗ ನವಿಲಿನ ಗಾಜನ್ನು ಗೋಡೆಯಿಂದ ಇಳಿಸಿ, “ಗೌರಿ, ಹಿಡಿದುಕೊ” ಎಂದೆ. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು.

“ಬ್ಯಾಡ ಅಕ್ಕ. ನನ್ ಕೈ ಸರ್ಯಾಗಿಲ್ಲ. ನಿನ್ ನವಿಲು ಕೆಟ್ಟೋದದು.”

ಅಲ್ಲಿಯವರೆಗೆ ನಾನು ತಿಳಿದಿದ್ದು ಬೇರೆ. ಅವಳಿಗೆ ತಾನು ತಪ್ಪು ಮಾಡಿಲ್ಲವೆಂದು ಗೊತ್ತಿದೆ, ಊರಿನವರ ಬಾಯಿಗೆ ಹೆದರಿ ಸುಮ್ಮನಿದ್ದಾಳೆ ಎಂದುಕೊಂಡಿದ್ದೆ. ಅವಳು ನಂಬಿಬಿಟ್ಟಿದ್ದಳು. ತನ್ನ ಕೈಯನ್ನೇ ನಂಬದೆ ಬದುಕುತ್ತಿದ್ದಳು — ಹೆತ್ತ ಮಗಳಿಗೆ ಎಣ್ಣೆ ಹಚ್ಚುವುದನ್ನೂ ನನಗೇ ಬಿಡುತ್ತಿದ್ದಳಲ್ಲ, ಅದು ಯಾಕೆಂದು ಆಗ ತಿಳಿಯಿತು. ಛೀ ನನ್ನ ಜನ್ಮಕ್ಕೆ!

ಆ ಬೇಸಿಗೆ ಉಪ್ಪಿನಕಾಯಿ ಹಾಕಲು ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದಾಗ ಬಾಯಿ ಬಿಟ್ಟೆ. ಜಾಡಿ, ಸೌಟು, ಟರ್ಪೆಂಟೈನ್, ಅವತ್ತಿನ ನನ್ನ ಮೌನ — ಒಂದನ್ನೂ ಉಳಿಸಲಿಲ್ಲ. ಮಾವಿನಕಾಯಿ ಹೆಚ್ಚುತ್ತಿದ್ದ ಕೈಗಳೆಲ್ಲ ನಿಂತವು. ಅತ್ತೆ, “ನನ್ ಜಾಡಿಗಾ? ನನ್ ಪಿಂಗಾಣಿ ಜಾಡಿಗಾ ಸುರ್ದಿದ್ದು?” ಎಂದು ಅದೊಂದನ್ನೇ ಕೇಳಿದರು.

ಗೌರಿ ಅಳುತ್ತಾಳೆ ಎಂದುಕೊಂಡಿದ್ದೆ, ನನಗೆ ಎರಡು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು, ಸೆರಗು ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ ಹೋಳು ತುಂಬಿದ್ದ ದೊಡ್ಡ ಬಾನಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು. ಉಪ್ಪು, ಖಾರ, ಹೋಳು ಎಲ್ಲವನ್ನೂ ಅಡಿಯಿಂದ ಮೇಲಕ್ಕೆ ಕಲಸಿದಳು. ಒಂದು ಹೋಳು ಬಾಯಿಗೆ ಹಾಕಿಕೊಂಡಳು.

“ಉಪ್ಪು ಸಾಲ್ದು ಅತ್ತೆ,” ಎಂದಳು.

ಅತ್ತೆ ಉಪ್ಪಿನ ಮಡಕೆಯನ್ನು ತಾವೇ ಮುಂದಕ್ಕೆ ತಳ್ಳಿದರು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಅಂಥ ಸಂಭ್ರಮದ ಮಧ್ಯಾಹ್ನವನ್ನು ಆ ಮನೆ ಕಂಡಿರಲಿಲ್ಲ. ಗೌರಿ ಮಾತ್ರ ನನ್ನ ಕಡೆ ತಿರುಗಿ ಹೇಳಿದಳು:

“ಇಲ್ಲಿರೋರ್ಗೇಳ್ದೆ, ಸರಿ. ನಮ್ಮವ್ವಂಗೆ ಯಾರೇಳಾರು?”

ನಾನೇ ಹೇಳಿದೆ. ಅವಳ ಜೊತೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಅವಳ ಅಣ್ಣನ ಮಗಳ ಮದುವೆ. ಚಪ್ಪರದಡಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವಳ ತಾಯಿ ನನ್ನ ಕಡೆ ತಿರುಗದೆ ನೇರ ಮಗಳ ಬಳಿಗೆ ಹೋದರು. ಅರಿಶಿನದ ಬಟ್ಟಲನ್ನು ಮಗಳ ಕೈಗೆ ಕೊಟ್ಟು, “ಮೊದ್ಲು ನೀನೇ ಹಚ್ಚವ್ವ” ಎಂದರು. ಗೌರಿ ಹಚ್ಚಿದಳು. ಕೆನ್ನೆಗೆ, ಕೈಗೆ, ಪಾದಕ್ಕೆ — ಹುಡುಗಿ ಸಾಕು ಅತ್ತೆ ಸಾಕು ಎಂದು ನಕ್ಕರೂ ಬಿಡದೆ ಹಚ್ಚಿದಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ನನ್ನ ಹತ್ತಿರ ಬಂದು, ಹಳದಿ ಕೈಗಳೆರಡನ್ನೂ ನನ್ನ ಮುಖದ ಮುಂದೆ ಹಿಡಿದಳು.

“ನೋಡಕ್ಕ. ಏನೂ ಆಗ್ನಿಲ್ಲ.”

ಮುಟ್ಟಾಗಿದ್ದಾಗಲೇ ಮುಟ್ಟಿದ್ದರೂ ಏನೂ ಆಗುತ್ತಿರಲಿಲ್ಲ ಗೌರಿ. ಅದನ್ನೂ ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ಈಗ ಬರೆದಿದ್ದೇನೆ. ಆ ಕೈಗಳನ್ನು ಅಷ್ಟು ವರ್ಷ ಕಟ್ಟಿಹಾಕಿದವಳು ನಾನು. ತಪ್ಪನ್ನು ಅತ್ತೆಯ ಮೇಲೆ ಹಾಕುವುದಿಲ್ಲ, ಕಾಲದ ಮೇಲೂ ಹಾಕುವುದಿಲ್ಲ.