ಹಸಿವ್ಯಾನ ಪುಟಕ್ಕೆ ಹೊಡೆದ ಮುದ್ರೆ

ನನಗೆ ಮುದ್ರೆ ಹೊಡೆಯುವ ಚಟವಿದೆ. ಹೊಟ್ಟೆಪಾಡಿನಿಂದ ಅಂಟಿದ ಚಟ. ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುವವನು. ಅಲ್ಲಿ ಪುಡಿ ಹೇಗೆ ಕಲಸಬೇಕು ಎಂಬುದರಿಂದ ಹಿಡಿದು ಕೈ ಹೇಗೆ ತೊಳೆಯಬೇಕು ಎಂಬುದರವರೆಗೆ ಎಲ್ಲಕ್ಕೂ ಬರೆದಿಟ್ಟ ಕ್ರಮವಿದೆ. ಕ್ರಮ ಬದಲಾದ ದಿನ ಹೊಸ ಪ್ರತಿ ಹಂಚಿ, ಹಳೆಯದನ್ನೆಲ್ಲ ವಾಪಸು ತರಿಸಿ, ಕೆಂಪು ಶಾಯಿಯಲ್ಲಿ ‘ರದ್ದು’ ಎಂದು ಹೊಡೆಯಬೇಕು. ಒಮ್ಮೆ ರದ್ದಾದ ಕಾಗದ ಮತ್ತೆ ಬಳಕೆಗೆ ಬರುವಂತಿಲ್ಲ. ಹದಿನೆಂಟು ವರ್ಷ ಇದನ್ನೇ ಮಾಡಿದವನಿಗೆ, ಮನೆಯಲ್ಲಿ ಹೆಂಡತಿ ಸಾರಿನ ರುಚಿ ಬದಲಿಸಿದರೂ ಹಳೆಯ ಸಾರನ್ನು ಏನು ಮಾಡಿದೆ ಎಂದು ಕೇಳುವ ರೋಗ ಹತ್ತುತ್ತದೆ. ನೀವು ನಗಬಹುದು. ಈ ರೋಗದಿಂದ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ ಎಂದು ಹೇಳುವವರೆಗೆ ನಾನೂ ನಗುತ್ತೇನೆ.

ಪ್ರತಿ ಭಾನುವಾರ ಮಧ್ಯಾಹ್ನ ನಾವು ಮೂವರು ಒಂದು ಆಟ ಆಡುತ್ತಿದ್ದೆವು. ನಲವತ್ತು ದಾಟಿದ ಗಂಡಸರು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ವೀರರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದಾರಿಯಲ್ಲಿ ಎದುರಾಗುವ ದೆವ್ವ, ರಾಕ್ಷಸರ ಗುಣಸ್ವಭಾವಗಳಿಗೆಂದೇ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿದೆ. ಕಥೆ ಹೇಳುವವನು ಬಸವಕಲ್ಯಾಣದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಶರಣಪ್ಪ. ಆಡುವವರು ನಾನು ಮತ್ತು ಹುಮನಾಬಾದಿನ ಗಂಜ್‌ನಲ್ಲಿ ಕಾಳಿನ ಅಂಗಡಿಯಿರುವ ಖಲೀಲ. ಅವನ ಅಂಗಡಿಯ ಮಾಳಿಗೆಯೇ ನಮ್ಮ ರಣರಂಗ. ತೊಗರಿಯ ಧೂಳಿಗೆ ಸೀನುತ್ತಲೇ ಎಷ್ಟೋ ರಾಕ್ಷಸರನ್ನು ಕೊಂದಿದ್ದೇವೆ.

ನಮ್ಮಿಂದ ಕೊಲ್ಲಲಾಗದವನು ಒಬ್ಬನೇ, ಹಸಿವ್ಯಾ. ಪುಸ್ತಕದಲ್ಲಿ ಅವನಿಗೆ ನಾಲಿಗೆ ತಿರುಗದ ಹೆಸರಿತ್ತು. ಹೀಗೆ ಕರೆದವನು ಶರಣಪ್ಪ. ಹೆಣ ತಿನ್ನುವ ಪಿಶಾಚಿ ಅವನು. ಹಸಿದು ಸತ್ತದ್ದರಿಂದ ಕಂಡವರ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕತ್ತಿ ಎತ್ತಿದರೆ ಸೀಳಿಹಾಕುತ್ತಾನೆ. ಯಾರಾದರೂ ‘ಉಂಡಿಯೇನ?’ ಎಂದು ಕೇಳಿದರೆ ಮಾತ್ರ ಸುಳ್ಳು ಹೇಳಲಾರದೆ ‘ಇಲ್ಲ’ ಎಂದು ಹೊಸ್ತಿಲಲ್ಲೇ ಕೂತುಬಿಡುತ್ತಾನೆ. ಶರಣಪ್ಪ ಇದನ್ನೆಲ್ಲ ಪುಸ್ತಕ ತೆರೆದಿಟ್ಟುಕೊಂಡೇ ಹೇಳುತ್ತಿದ್ದ. ನಾವು ನಂಬಿದ್ದೆವು.

ಕಳೆದ ವರ್ಷ ಆ ಪುಸ್ತಕದ ಹೊಸ ಆವೃತ್ತಿ ಬಂತು. ಆಸೆಪಟ್ಟು ತರಿಸಿದವನು ನಾನೇ. ಅದರಲ್ಲಿ ಹಸಿವ್ಯಾನ ಜಾತಕವೇ ಬೇರೆಯಾಗಿತ್ತು. ಅವನು ಸತ್ತ ಮನುಷ್ಯನಲ್ಲವಂತೆ, ಯಾವನೋ ಮಾಂತ್ರಿಕ ಮಾಡಿಟ್ಟ ಪ್ರಾಣಿಯಂತೆ. ಮನುಷ್ಯರ ಮಾತು ಅವನಿಗೆ ತಿಳಿಯುವುದಿಲ್ಲವಂತೆ. ದೆವ್ವಗಳು ಬದಲಾಗುವುದು ಹೊಸದೇನಲ್ಲ. ಮುಡಬಿಯಲ್ಲಿ ಪಾದ ಹಿಂದುಮುಂದಾಗಿರುವ ದೆವ್ವ ನಿರ್ಣಾ ಮುಟ್ಟುವಷ್ಟರಲ್ಲಿ ಪಾದವನ್ನೇ ಕಳೆದುಕೊಂಡಿರುತ್ತದೆ. ಒಂದೂರಿನ ಪುರಾಣದಲ್ಲಿ ಅಸುರನಾದವನು ಪಕ್ಕದೂರಿನಲ್ಲಿ ಗುಡಿ ಕಟ್ಟಿಸಿಕೊಂಡು ಕಾಯಿ ಒಡೆಸಿಕೊಳ್ಳುತ್ತಾನೆ. ಆದರೆ ಅಲ್ಲಿ ಹಳೆಯದನ್ನು ಯಾರೂ ರದ್ದು ಮಾಡುವುದಿಲ್ಲ. ಎರಡೂ ದೆವ್ವಗಳು ತಮ್ಮ ತಮ್ಮ ಹುಣಸೆ ಮರದಲ್ಲಿ ಸುಖವಾಗಿರುತ್ತವೆ. ಈ ಬುದ್ಧಿ ನನಗೆ ಬಂದದ್ದು ಈಚೆಗೆ.

ಆ ಭಾನುವಾರ ಕಥೆಯಲ್ಲಿ ಹಸಿವ್ಯಾ ಬಾಗಿಲಿಗೆ ಬಂದ. ಖಲೀಲ ಎಂದಿನಂತೆ “ಉಂಡಿಯೇನ?” ಎಂದ. ನಾನು ಹೊಸ ಪುಸ್ತಕ ಬಿಚ್ಚಿ, ಆ ಪ್ರಶ್ನೆ ಇನ್ನು ನಡೆಯುವುದಿಲ್ಲ ಎಂದೆ.

“ಅಂವ ಬ್ಯಾರೆಯಂವ, ನಮ್ಮ ಹಸಿವ್ಯಾ ಅಲ್ಲ. ಇದ್ದಂಗ ಇರ್ಲಿ ಬಿಡೋ,” ಎಂದ ಶರಣಪ್ಪ.

“ಖಾಲಿಪೀಲಿ ಜಗಳ ಯಾಕ ಮಾಡಾಕತ್ತೀರಿ?” ಎಂದ ಖಲೀಲ.

ಚೀಲದಲ್ಲಿ ಮುದ್ರೆಯಿತ್ತು. ತಮಾಷೆಗೆಂದೇ ತಂದಿದ್ದೆ, ದೇವರಾಣೆ. ಶರಣಪ್ಪನ ಹಳೆಯ ಪುಸ್ತಕ ಎಳೆದುಕೊಂಡು ಹಸಿವ್ಯಾನ ಪುಟಕ್ಕೆ ‘ರದ್ದು’ ಎಂದು ಹೊಡೆದು, “ರದ್ದಾದದ್ದು ಹೊಳ್ಳಿ ಬರಂಗಿಲ್ಲಪ್ಪೋ, ಕಾನೂನು!” ಎಂದು ನಕ್ಕೆ. ಶರಣಪ್ಪ ಆ ಕೆಂಪು ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದ. ಬಸ್ಸಿಗೆ ಹೊತ್ತಾಯಿತೆಂದು ಪುಸ್ತಕವನ್ನು ಅಲ್ಲೇ ಬಿಟ್ಟು ಎದ್ದುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಮಾಡಿದರೆ ಅಂಗಡಿಯಲ್ಲಿ ಕೆಲಸ ಬಹಳ ಎನ್ನುತ್ತಿದ್ದ. ನಾನೂ ಖಲೀಲನೂ ಎರಡು ವಾರ ಎದುರುಬದುರು ಕೂತು ಚಹಾ ಕುಡಿದೆವು. ಆಮೇಲೆ ಅದೂ ನಿಂತಿತು. ಭಾನುವಾರ ಇಷ್ಟು ಉದ್ದವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಇನ್ನೊಂದು ಕ್ರಮವಿದೆ. ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಏನೇನು ಬದಲಾಯಿತೆಂದು ಬರೆದ ಮೇಲೆಯೇ ಮುದ್ರೆ ಹೊಡೆಯಬೇಕು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರದ ನಾನು ಅಂದು ಹಳೆಯ ಪುಟವನ್ನು ಓದಿಯೇ ಇರಲಿಲ್ಲ. ಹೊತ್ತು ಹೋಗದ ಒಂದು ಭಾನುವಾರ ಖಲೀಲನಿಂದ ಆ ಪುಸ್ತಕ ತಂದು ಓದಿದೆ. ಕೆಂಪು ಮುದ್ರೆಯ ಕೆಳಗೆ ಇದ್ದದ್ದು ಐದೇ ಸಾಲು. ಹೆಣ ತಿನ್ನುತ್ತದೆ, ಉಗುರು ತಾಗಿದರೆ ಕೈಕಾಲು ಮರಗಟ್ಟುತ್ತವೆ, ಇತ್ಯಾದಿ. ಹೊಸ್ತಿಲಿಲ್ಲ. ಪ್ರಶ್ನೆಯಿಲ್ಲ. ಹಸಿದು ಸತ್ತವನಂತೂ ಇಲ್ಲವೇ ಇಲ್ಲ.

ಆಗ ಮುಡಬಿ ನೆನಪಾಯಿತು. ಅಲ್ಲಿದ್ದ ಶರಣಪ್ಪನ ತಾಯಿಯ ಮನೆಗೆ ಒಮ್ಮೆ ಹೋಗಿದ್ದೆ. ನನ್ನ ಹೆಸರು ಕೇಳುವ ಮೊದಲೇ ಆಕೆ, “ಬಾ ಯಪ್ಪಾ, ಉಂಡಿಯೇನ?” ಎಂದಿದ್ದಳು. ರೊಟ್ಟಿ ಬಡಿಸುತ್ತ, “ಬಾಗ್ಲಿಗಿ ಬಂದವ್ರಿಗಿ ಹಾಂಗ ಕೇಳ್ಬೇಕು ನೋಡು. ಕೇಳ್ಲಿಲ್ಲಂದ್ರ ಹಸ್ದು ಸತ್ತವ್ರು ಬಂದು ನಿಂದರ್ತಾರ,” ಎಂದು ಹೇಳಿದ್ದಳು. ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದೆ. ನಾನು ಮುದ್ರೆ ಹೊಡೆದದ್ದು ಆಕೆ ತೀರಿಕೊಂಡ ಎರಡು ತಿಂಗಳಿಗೆ. ಆಕೆಗೆ ಮಣ್ಣು ಕೊಡಲೂ ಹೋಗಿದ್ದೆ. ಆದರೂ ಆ ಪ್ರಶ್ನೆ ಯಾರದೆಂದು ತಿಳಿಯಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಹೋಗಿಲ್ಲ.

ಶರಣಪ್ಪ ಆಟಕ್ಕೆ ಮರಳಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪುಟ ಓದಿದ ಮರುದಿನ ರಜೆ ಹಾಕಿ, ಪುಸ್ತಕ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆ. ಅವನು ಒಂದು ಹಳೆಯ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಬಾಗಿಲಲ್ಲೇ ನಿಂತು, “ತಪ್ಪಾತು ಶರಣಪ್ಪ. ಹಸಿವ್ಯಾನ ಕಥಿ ಮತ್ತ ಹೇಳು,” ಎಂದೆ.

ತಲೆ ಎತ್ತದೆ ಅವನೆಂದ: “ರದ್ದಾದದ್ದು ಹೊಳ್ಳಿ ಬರಂಗಿಲ್ಲಂತ ನೀನ ಹೇಳಿದ್ದಿ.”

ಒಳಗೆ ಹೋಗಲು ಕಾಲು ಬರಲಿಲ್ಲ, ಹಿಂತಿರುಗಲು ಮನಸ್ಸು ಬರಲಿಲ್ಲ. ಅವನು ಒಂದೊಂದೇ ತಿರುಪು ಎಣ್ಣೆಯಲ್ಲಿ ಅದ್ದಿ ಒರೆಸಿ ಇಡುತ್ತಿದ್ದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಹೋಯಿತು. ನಾನು ಹೊರಗೇ ಉಳಿದೆ. ಕೊನೆಗೆ ಅವನು ಕೈ ಒರೆಸಿಕೊಂಡು, ಸಿಟ್ಟು ಇನ್ನೂ ಇಳಿಯದ ಕಣ್ಣಿನಿಂದ ನನ್ನನ್ನು ನೋಡಿದ.

“ಉಂಡಿಯೇನ?” ಎಂದ.

ಹೂಂ ಎನ್ನಬೇಕೆಂದಿದ್ದೆ, ಬಾಯಿ ಬರಲಿಲ್ಲ. ‘ಇಲ್ಲ’ ಎಂದು ಹೊಸ್ತಿಲಲ್ಲೇ ಕೂತೆ.