ಬೀಗದವನ ಸಂವಿಧಾನ

ನಾನು ಬೀಗ ರಿಪೇರಿ ಮಾಡುವವನು. ನಮ್ಮ ಬೀದಿಯಲ್ಲಿ ನಾನು ತೆಗೆಯಲಾರದ ಬೀಗವಿಲ್ಲ, ನಾನು ಹೆದರದ ಮನುಷ್ಯನೂ ಇಲ್ಲ. ಯೂನಿಫಾರಂ ಕಂಡರೆ ಸಾಕು, ಅಂಚೆಯವನಾದರೂ ಸರಿ, ಎದ್ದು ನಿಲ್ಲುತ್ತೇನೆ. ಹೆಂಡತಿ ನನಗಿಟ್ಟ ಹೆಸರು ಪುಕ್ಕಲು ಪೈಲ್ವಾನ. ಪೈಲ್ವಾನ ಎಂಬುದು ಮನೆಯೊಳಗಿನ ನನ್ನ ದರ್ಬಾರಿಗೆ ಸಂದ ಗೌರವ. ಮಗಳ ಕೋಣೆಗೆ ಯಾವಾಗೆಂದರೆ ಆವಾಗ ನುಗ್ಗಿ, ಫೋನ್ ಕೆಳಗಿಡು, ದೀಪ ಆರಿಸು ಎಂದು ಅಬ್ಬರಿಸುವುದರಲ್ಲೇ ನನ್ನ ಪೌರುಷವೆಲ್ಲ ಖರ್ಚಾಗುತ್ತದೆ.

ಕಸುಬು ಕಲಿಸಿದವರು ಸೋದರಮಾವ. ಅವರದೊಂದು ನೇಮ: ಬೀಗಕ್ಕೆ ಕಡ್ಡಿ ಹಾಕುವ ಮೊದಲು ಬಾಗಿಲು ತಟ್ಟಿ ಕೇಳಬೇಕು, ಮನೆ ಖಾಲಿ ಇದ್ದರೂ. “ನಮ್ಮ ಕೈಗೆ ಎಲ್ಲಾ ಬಾಗಿಲೂ ತೆಗೆಯುತ್ತೆ ಕಣೋ. ಅದಕ್ಕೇ ಕೈಗೊಂದು ಕಟ್ಟು ಬೇಕು” ಎನ್ನುತ್ತಿದ್ದರು. ಬೀಗ ಜಡಿದ ಬಾಗಿಲಿಗೆ “ತೆಗೀಲಾ?” ಎಂದು ಕೇಳುವ ನನ್ನನ್ನು ನೋಡಿ ನಗದವರಿಲ್ಲ.

ಮಗಳು ಕಾನೂನು ಓದುತ್ತಾಳೆ, ಅದೂ ಗಟ್ಟಿಯಾಗಿ. ಒಂದು ಸಂಜೆ ತಡೆಯಲಾರದೆ ಒಳಗೆ ಹೋಗಿ ಅದೇನೆಂದು ಕೇಳಿದೆ.

“ಹಿಂದೆ ಆಳೋರ ಕಡೆಯವರು ಯಾರ ಮನೆಗೆ ಬೇಕಾದ್ರೂ ನುಗ್ತಿದ್ರು ಅಪ್ಪಾ. ಜನ ಎಷ್ಟೋ ಕಾಲ ಹೋರಾಡಿದ್ರು. ಅದಕ್ಕೇ ಒಬ್ಬೊಬ್ಬರ ಹಕ್ಕನ್ನೂ ಸಂವಿಧಾನದಲ್ಲಿ ಬರೆದಿಟ್ಟಿರೋದು. ಸರ್ಕಾರದ ಕೈಗೂ ಒಂದು ಕಟ್ಟು ಇರ್ಲಿ, ನುಗ್ಗೋ ಮೊದ್ಲು ಜಡ್ಜ್ ಆರ್ಡರ್ ತರ್ಲಿ ಅಂತ.”

“ಬರೆದಿಟ್ಟರೆ ನುಗ್ಗೋರು ನಿಲ್ತಾರಾ?” ಎಂದೆ, ಅವಳ ಕೋಣೆಯ ನಟ್ಟನಡುವೆ ನಿಂತುಕೊಂಡು.

ಆ ವಾರ ಮಹಡಿ ಮೇಲಿನ ಟೈಲರಕ್ಕ ಮುಷ್ಕರದ ಕಾರ್ಮಿಕರಿಗೆ ಬ್ಯಾನರ್ ಹೊಲಿದುಕೊಟ್ಟರು. ಮರುದಿನ ಅವರು ನೂಲು ತರಲು ಹೋಗಿದ್ದಾಗ ಇನ್‌ಸ್ಪೆಕ್ಟರ್ ಬಂದು ನನ್ನನ್ನು ಕರೆದ.

“ಮೇಲ್ಗಡೆ ಬೀಗ ತೆಗಿ. ಆ ಹೆಂಗಸಿನ ಮೆಷಿನ್ ಎತ್ಕೊಂಡು ಹೋಗ್ಬೇಕು.”

ಆ ಮೆಷಿನ್ ಹೋದರೆ ಅಕ್ಕನ ಒಲೆ ಹೊತ್ತುವುದಿಲ್ಲ. ನನಗದು ಚೆನ್ನಾಗಿ ಗೊತ್ತು. ಆದರೂ ನನ್ನ ಕಾಲು ಯೂನಿಫಾರಮ್ಮಿನ ಹಿಂದೆಯೇ ಮೆಟ್ಟಿಲು ಹತ್ತಿತು. ನಾಚಿಕೆಯಾಗುತ್ತಿತ್ತು, ಹತ್ತುತ್ತಲೂ ಇದ್ದೆ.

ಅಭ್ಯಾಸಬಲ ನೋಡಿ, ಕೈ ತಾನಾಗಿ ಬಾಗಿಲು ತಟ್ಟಿತು. “ಅಕ್ಕಾ, ತೆಗೀಲಾ?”

ಉತ್ತರವಿಲ್ಲ.

“ಒಪ್ಪಿಗೆ ಇಲ್ಲ ಸಾರ್” ಎಂದುಬಿಟ್ಟೆ.

“ಒಳಗೆ ಯಾರೂ ಇಲ್ಲ ಕಣಯ್ಯಾ!”

“ಅದಕ್ಕೇ ಇಲ್ಲ ಸಾರ್.”

ಅವನು ಕಣ್ಣು ಕೆಂಪಗೆ ಮಾಡಿದ. ಮುಂದೆ ನಾನಾಡಿದ್ದನ್ನು ಧೈರ್ಯವೆಂದು ಯಾರೂ ತಪ್ಪು ತಿಳಿಯಬಾರದು. ಭಯಕ್ಕೆ ಬಾಯಿ ಸಡಿಲವಾಗಿ, ಮಗಳ ಪಾಠ ಗಿಳಿಯ ಹಾಗೆ ಹೊರಬಿತ್ತು. “ಹಿಂದೆ ಹೀಗೇ ನುಗ್ತಿದ್ರಂತೆ ಸಾರ್… ಜನ ಹೋರಾಡಿದ್ರಂತೆ… ಸಂವಿಧಾನದಲ್ಲಿ ಬರೆದಿದೆಯಂತೆ… ಜಡ್ಜ್ ಸಾಹೇಬ್ರ ಆರ್ಡರ್ ಇದ್ರೆ ಈಗಲೇ ತೆಗೀತೀನಿ ಸಾರ್.”

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಮೂಡಿದ್ದವು. ಇನ್‌ಸ್ಪೆಕ್ಟರ್ ಅವನ್ನೊಮ್ಮೆ ನೋಡಿ, “ಆರ್ಡರ್ ತಂದೇ ಬರ್ತೀನಿ, ನಿನ್ನನ್ನೂ ನೋಡ್ಕೋತೀನಿ” ಎಂದು ಇಳಿದುಹೋದ. ಆರ್ಡರ್ ಬರಲೇ ಇಲ್ಲ. ಸಂಜೆ ತಲೆಯ ಮೇಲೆ ಮೆಷಿನ್ನಿನ ಟಕಟಕ ಕೇಳಿದಾಗ ನನಗೆ ಅಳುವೇ ಬಂತು.

ಆಮೇಲೆ ಕೇಳಬೇಕೆ? ಮೀಸೆ ತಿರುವಿಕೊಂಡು, ಸಾಹಸವನ್ನು ಮಗಳಿಗೆ ವರ್ಣಿಸಲೆಂದು ಅವಳ ಕೋಣೆಯ ಬಾಗಿಲು ದಬಕ್ಕನೆ ತಳ್ಳಿದೆ.

ಸುದ್ದಿ ನನಗಿಂತ ಮೊದಲೇ ಅವಳನ್ನು ಮುಟ್ಟಿತ್ತು. ಅವಳು ತಲೆ ಎತ್ತಲಿಲ್ಲ. “ಆರ್ಡರ್ ಇದೆಯಾ ಅಪ್ಪಾ?”

ಹಿಂದೆ ಅಡುಗೆಮನೆಯಲ್ಲಿ ಹೆಂಡತಿ ಕಿಸಕ್ಕನೆ ನಕ್ಕಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ತಟ್ಟಿದೆ.

“ಒಂದ್ನಿಮಿಷ ಇರಿ” ಎಂದಳು ಮಗಳು ಒಳಗಿನಿಂದ.

ಇದ್ದೆ.