ಸೋಮವಾರದ ಸುಳ್ಳು ಉಪವಾಸ

ಉಪವಾಸ ಅನ್ನೋದು ನಮ್ಮ ಅಜ್ಜಿಗೆ ದೇವರಿಗಿಂತ ಹೆಚ್ಚಾಗಿ ಮಂದಿಯಿಂದ ತಪ್ಪಿಸಿಕೊಳ್ಳಲಿಕ್ಕೆ ಬೇಕಾಗುತ್ತಿತ್ತು. ಬೈಲಹೊಂಗಲದ ನಮ್ಮ ಮನೆಯಿಂದ ನಾವು ಹುಡುಗಿಯರು ಎಲ್ಲಿಗಾದರೂ ಹೊರಟರೆ ಬಾಗಿಲಲ್ಲಿ ನಿಲ್ಲಿಸಿ ಹೇಳುತ್ತಿದ್ದಳು: "ಉಣಬಾರದ ಮನ್ಯಾಗ ಏನರ ಕೊಟ್ರ ಒಲ್ಲೆ ಅನಬ್ಯಾಡ್ರಿ, ಮನಸಿಗೆ ಹಚ್ಚಿಕೊಂತಾರ. ಉಪವಾಸ ಐತಿ ಅನ್ರಿ. ಅವರಿಗೂ ಬ್ಯಾಸರಿಲ್ಲ, ನಮಗೂ ತ್ರಾಸಿಲ್ಲ." ಏಳೆಂಟು ವರ್ಷಕ್ಕೆ ಕಲಿತ ಈ ಪಾಠ ಪಿಎಚ್.ಡಿ. ಮುಗಿದ ಮೇಲೂ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು.

ಎರಡು ಸಾವಿರದ ಇಸವಿಯ ಆಚೀಚೆ, ಪಿಎಚ್.ಡಿ. ನಂತರದ ಸಂಶೋಧನೆಗೆಂದು ನಾನು ಕರಾವಳಿಗೆ ಹೋದೆ. ಸಮುದ್ರ ಉಕ್ಕಿದರೆ, ಬಿರುಗಾಳಿ ಎದ್ದರೆ ದಂಡೆಯ ಊರಿನವರು ಹೇಗೆ ತಡೆದುಕೊಳ್ಳಬೇಕು, ಮೊದಲೇ ಏನು ತಯಾರಿ ಮಾಡಿಕೊಳ್ಳಬೇಕು ಅಂತ ಯೋಜನೆ ಹಾಕಿಕೊಡುವ ಕೆಲಸ. ಅಲ್ಲಿ ನಾನು ಭಾರಿ ಶಾಣ್ಯಾಕಿ. ಮೊಟ್ಟೆಯನ್ನೂ ಮುಟ್ಟದ ಮನೆಯ ಮಗಳು, ಒಣಮೀನು ಹರವಿದ ಅಂಗಳ ದಾಟಿ ಮೀನುಗಾರರ ಅಡುಗೆಮನೆಗೆ ನುಗ್ಗಿ, ನೆಲದ ಮೇಲೆ ಕೂತು, ಅವರು ಕೊಟ್ಟ ಗಂಜಿ ಉಂಡು ಬರುತ್ತಿದ್ದೆ. "ನನಗೆ ಜಾತಿಗೀತಿ ಏನಿಲ್ಲವ್ವಾ" ಅಂತ ಗೆಳತಿಯರ ಮುಂದೆ ಜಂಬ ಕೊಚ್ಚಿದ್ದೂ ಉಂಟು. ಅಲ್ಲಿ ನನ್ನ ಗುರುತಿದ್ದವರು ಒಬ್ಬರೂ ಇರಲಿಲ್ಲ ಅನ್ನೋದು ಆಗ ಹೊಳೆಯಲೇ ಇಲ್ಲ.

ಎರಡನೇ ವರ್ಷ ನನ್ನ ಮಾರ್ಗದರ್ಶಕರು, "ಕಡಲಿಗೆ ಮಾಡಿದ್ದು ಹೊಳೆಗೂ ಹೊಂದುತ್ತದೋ ನೋಡು" ಅಂದರು. ನಮ್ಮ ಕಡೆ ಹೊಳೆ ಅಂದರೆ ಮಲಪ್ರಭೆ. ಸವದತ್ತಿಯ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗುತ್ತದೆ. ಅಂಥದೊಂದು ಊರು ಆರಿಸಿಕೊಂಡೆ. ಅಲ್ಲಿ ದೂರದ ಸಂಬಂಧದ ಕಾಕು ಒಬ್ಬಳಿದ್ದಳು, ಇಳಿದುಕೊಳ್ಳಲಿಕ್ಕೆ ಅನುಕೂಲವಾಯಿತು.

ಮಾಡಬೇಕಾದದ್ದು ಇಷ್ಟೇ. ಹೊಳೆ ಏರಿದಾಗ ಊರಲ್ಲಿದ್ದ ಎರಡು ಟ್ರ್ಯಾಕ್ಟರಿನಲ್ಲಿ ಯಾರನ್ನು ಮೊದಲು, ಯಾರನ್ನು ಆಮೇಲೆ ದಿನ್ನೆಯ ಮೇಲಿನ ಶಾಲೆಗೆ ಸಾಗಿಸಬೇಕು ಅಂತ ಒಂದು ಯಾದಿ. ಮಣ್ಣಿನ ಗೋಡೆಯ ಮನೆ, ನಡೆಯಲಾಗದವರಿದ್ದ ಮನೆ ಮೊದಲು. ಗಟ್ಟಿ ಗೋಡೆಯವರು ಕೊನೆಗೆ. "ನೀವು ಬರದ ಕೊಡ್ರಿ ಮೇಡಮ್, ಹಂಗ ಮಾಡತೇವಿ" ಅಂತ ಶಾಲೆಯ ಮಾಸ್ತರು ಹೊಣೆ ಹೊತ್ತರು. ಯಾದಿಗಾಗಿ ಮನೆಗೊಂದು ಎರಡು ಪುಟದ ಫಾರ್ಮು. ಮೊದಲನೇ ಪುಟ ಹೊರಗೆ ನಿಂತು ಕೇಳಿ ಬರೆಯುವುದು. ಎರಡನೆಯದು ಒಳಗೆ ಹೋಗಿ ಕಣ್ಣಾರೆ ನೋಡಿ ಬರೆಯುವುದು. ಆ ಎರಡನೇ ಪುಟವನ್ನು ಕರಾವಳಿಯಲ್ಲಿದ್ದಾಗ ಹಟ ಹಿಡಿದು ಸೇರಿಸಿದವಳೇ ನಾನು.

ಹೊಳೆಗೆ ತೀರ ಹತ್ತಿರವಿದ್ದದ್ದು ದಲಿತರ ಓಣಿ. ಸೋಮವಾರ ಮುಂಜಾನೆ ಅಲ್ಲಿಗೆ ಹೋದೆ. ಒಂದನ್ನು ಬಿಟ್ಟು ಉಳಿದ ಮನೆಗಳದು ಅಷ್ಟೂ ಮಣ್ಣಿನ ಗೋಡೆ, ದೂರದಿಂದಲೇ ಕಾಣುತ್ತಿತ್ತು. ಆ ಒಂದು ಮನೆಯ ಮುಂದಿನ ಗೋಡೆಗೆ ಸಿಮೆಂಟು, ಮೇಲೆ ನೀಲಿ ಬಣ್ಣ. ಬಾಗಿಲ ಮೇಲೆ ಬುದ್ಧನ ಫೋಟೊ, ಪಡಸಾಲೆಯಲ್ಲಿ ಹೊಲಿಗೆ ಮಷೀನು. ಇಡೀ ಊರಿನ ಹೆಂಗಸರ ಜಂಪರು ಹೊಲಿಯುವ ಟೇಲರಮ್ಮನ ಮನೆ ಅದು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡಾಕಿ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಚಹಾ ಇಡತೇನಿ, ಕುಡಕೋತ ಕೇಳೀರಂತ."

ಒಂದು ಹೆಜ್ಜೆಯ ಮಾತು. ಅಷ್ಟರಲ್ಲಿ ಕಾಕುವಿನ ಓಣಿಯ ಮೂರು ಹೆಂಗಸರು ಹೊಳೆಯಿಂದ ಬಟ್ಟೆ ಒಗೆದುಕೊಂಡು ಬಂದರು, ನನ್ನನ್ನೇ ನೋಡುತ್ತ ನಿಂತರು. ನನ್ನ ಬಾಯಿಂದ ಅಜ್ಜಿಯ ಮಾತು ಬಂದೇ ಬಿಟ್ಟಿತು.

"ಇವತ್ತ ಸೋಮವಾರ್ರಿ. ಉಪವಾಸ ಐತಿ."

"ಅಯ್ಯ, ಚಹಾಕ್ಕ ಎಲ್ಲೀ ಉಪವಾಸ ಮುರೀತೈತ್ರಿ!" ಅಂತ ನಕ್ಕಳು.

"ಇಲ್ರಿ, ನಮ್ಮ ಮನ್ಯಾಗ ಭಾಳ ಕಟ್ಟುನಿಟ್ಟ."

ಆಕೆಯ ನಗು ನಿಂತಿತು. ಅಜ್ಜಿ ಹೇಳಿದ್ದು ಶುದ್ಧ ಸುಳ್ಳು. ಉಪವಾಸ ಅಂದರೆ ಏನು ಅಂತ ಅವರಿಗೆಲ್ಲ ಗೊತ್ತಿರುತ್ತದೆ. ಬ್ಯಾಸರವಿಲ್ಲದ್ದು ನಮಗಷ್ಟೇ. ಆಮೇಲೆ ಆಕೆ ಹೊಸ್ತಿಲ ಒಳಗೆ, ನಾನು ಹೊರಗೆ. ಕೇಳಿದ್ದಕ್ಕಷ್ಟೇ ಉತ್ತರ. ನಡುವೆ ಒಳಗಿನಿಂದ ಯಾರೋ ಕೆಮ್ಮಿದರು. ಯಾರು ಅಂತ ಕೇಳಿದರೆ ಒಳಗೆ ಹೋಗಬೇಕಾಗುತ್ತಿತ್ತು. ಕೇಳಲಿಲ್ಲ. ಎರಡನೇ ಪುಟಕ್ಕೆ ನಾಳೆ ಬಂದರಾಯಿತು ಅಂತ ಫಾರ್ಮು ಮಡಚಿದೆ. ಓಣಿಯ ಉಳಿದ ಮನೆಗಳಲ್ಲೂ ಹೊರಗೇ ನಿಂತು ಮೊದಲನೇ ಪುಟವಷ್ಟೇ ತುಂಬಿದೆ.

ಮಧ್ಯಾಹ್ನ ಕಾಕುವಿನ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನಗೆ ಎಲ್ಲಿಯ ಸೋಮವಾರ! ಮೂರನೇ ರೊಟ್ಟಿ ಮುರಿಯುವಾಗ ಅಂಗಳದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ನೋಡಿದರೆ ಟೇಲರಮ್ಮ, ಕಾಕುವಿನ ಜಂಪರು ಹಿಡಿದುಕೊಂಡು.

"ಅಲ್ಲೇ ಕಟ್ಟಿ ಮ್ಯಾಲ ಇಡವಾ" ಅಂದಳು ಕಾಕು.

ಇಟ್ಟಳು. ನನ್ನ ತಾಟು ನೋಡಿದಳು, ನನ್ನ ಮುಖ ನೋಡಿದಳು. ಏನೋ ಹೇಳಲಿಕ್ಕೆ ಬಾಯಿ ತೆರೆದವಳು ತಡೆದುಕೊಂಡಳು.

"ಉಣ್ರಿ ಅಕ್ಕಾರ, ಸಾವಕಾಶ ಉಣ್ರಿ" ಅಂದು ಹೊಳ್ಳಿ ಹೋದಳು.

ಬೈದಿದ್ದರೆ ನಾನೂ ಒಂದು ಮಾತು ಹುಡುಕಿ ಆಡುತ್ತಿದ್ದೆ. ಮುರಿದ ರೊಟ್ಟಿ ಬಿಟ್ಟು ತಾಟು ಸರಿಸಿದೆ. ಕಾಕು "ಖಾರ ಹತ್ತಿತೇನ?" ಅಂತ ನೀರು ಕೊಟ್ಟಳು.

ನಾಚಿಕೆ ಆದವರು ತಿದ್ದಿಕೊಳ್ಳುತ್ತಾರೆ ಅಂತ ಹೇಳುತ್ತಾರಲ್ಲ, ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ನಾಚಿಕೆಯಿಂದಲೇ ಕೆಟ್ಟೆ. ಮಂಗಳವಾರ ಯಾವ ಮುಖ ಹೊತ್ತು ಹೋಗಲಿ ಅಂತ ಹೋಗಲಿಲ್ಲ. ಬುಧವಾರವೂ ಹೋಗಲಿಲ್ಲ. ಗುರುವಾರ ಕಾಕುವಿನ ಮನೆಯಲ್ಲೇ ಕೂತು ಆ ಓಣಿಯ ಎರಡನೇ ಪುಟಗಳನ್ನೆಲ್ಲ ಅಂದಾಜಿನಲ್ಲಿ ತುಂಬಿದೆ. ಟೇಲರಮ್ಮನ ಮನೆ: ಗೋಡೆ, ಪಕ್ಕಾ. ನಡೆಯಲಾಗದವರು, ಇಲ್ಲ. 'ಇಲ್ಲ' ಬರೆಯುವಾಗ ಆ ಕೆಮ್ಮು ನೆನಪಾಯಿತು. ಕೆಮ್ಮು ಯಾರಿಗೆ ಬರೋದಿಲ್ಲ ಅಂದುಕೊಂಡು ಮುಂದಿನ ಫಾರ್ಮು ತೆಗೆದೆ. ಓಣಿಯ ಉಳಿದವರ ಹೆಸರೆಲ್ಲ ಯಾದಿಯ ಮೊದಲಿಗೆ ಬಂದವು, ಆಕೆಯದು ಕೊನೆಯ ಹಾಳೆಗೆ ಹೋಯಿತು. ವರದಿಯಲ್ಲಿ 'ಪ್ರತಿ ಮನೆಯ ಒಳಗೂ ಹೋಗಿ ಪರಿಶೀಲಿಸಲಾಗಿದೆ' ಅಂತ ಒಂದು ಸಾಲು ಬರೆದೆ. ಮಾರ್ಗದರ್ಶಕರು ಅದರ ಕೆಳಗೆ ಗೆರೆ ಎಳೆದು ಶಹಬ್ಬಾಸ್ ಅಂದರು.

ಮರುವರ್ಷದ ಮಳೆಗಾಲದಲ್ಲಿ ಹೊಳೆ ಬಂತು. ಕರಾವಳಿಯಲ್ಲಿದ್ದ ನಾನು ಸುದ್ದಿ ಕೇಳಿ ಹೊರಟೆ. ದಾರಿಯ ಯರಗಟ್ಟಿಯಲ್ಲಿ ಮುಂದಿನ ಬಸ್ಸಿಲ್ಲದೆ ಅರ್ಧ ದಿನ ಕೂತು, ಊರು ಮುಟ್ಟುವಷ್ಟರಲ್ಲಿ ನೀರು ಇಳಿದು ಮೂರು ದಿನವಾಗಿತ್ತು. ಶಾಲೆಯ ಗೇಟಿನಲ್ಲೇ ಮಾಸ್ತರು ಸಿಕ್ಕರು. ನಿದ್ದೆಗೆಟ್ಟ ಕಣ್ಣು, ಆದರೂ ಮುಖದಲ್ಲಿ ಹೆಮ್ಮೆ.

"ನಿಮ್ಮ ಯಾದಿ ಪ್ರಕಾರನ ಮಾಡಿದ್ವಿ ಮೇಡಮ್. ಒಂದು ಹೆಸರ ಸುದ್ದಾ ಹಿಂದ ಮುಂದ ಮಾಡಿಲ್ಲ."

ಆಮೇಲೆ ದನಿ ತಗ್ಗಿಸಿದರು. "ಅದೊಂದ ಆಗಬಾರದಿತ್ತು. ನಮ್ಮ ಟೇಲರಮ್ಮನ ಅತ್ತಿ ಹೋದ್ಲ್ರಿ. ಹಾಸಿಗಿ ಹಿಡದಾಕಿ. ಮೊದಲ ಒಯ್ರಿ ಅಂತ ಟೇಲರಮ್ಮ ಹೇಳಿದ್ಲಂತ, ಟ್ರ್ಯಾಕ್ಟರಿನವರು ಯಾದಿ ಬಿಡಲಿಲ್ಲ. ಮುಂದಿನ ಗೋಡಿ ಅಷ್ಟ ಸಿಮೆಂಟಿಂದು, ಹಿಂದ ಎಲ್ಲಾ ಮಣ್ಣ. ಟ್ರ್ಯಾಕ್ಟರ್ ಪಾಳಿ ಬರೂದ್ರಾಗ ಹಿತ್ತಲ ಗೋಡಿ ಕುಸೀತು."

ಅಲ್ಲಿಂದಲೇ ಓಡಿ ಹೋಗಬೇಕು ಅನ್ನಿಸಿತು, ಸುಳ್ಳೇಕೆ ಹೇಳಲಿ. ಟೇಲರಮ್ಮ ಐದನೇ ಕ್ಲಾಸಿನ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಹೋಗಿ ನೆಲದ ಮೇಲೆ ಕೂತೆ.

"ಅವತ್ತ ನನಗ ಉಪವಾಸ ಇರಲಿಲ್ರಿ" ಅಂದೆ.

"ಗೊತ್ತೈತ್ರಿ."

"ನಾ ಒಳಗ ಬರಬೇಕಾಗಿತ್ತು. ನಂದ ತಪ್ಪ್ರಿ. ಆ ಯಾದಿ..."

ಆಕೆ ತಲೆ ಎತ್ತಿದಳು. ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ.

"ಚಹಾಕ್ಕ ಕರದಿದ್ದಿಲ್ರಿ ಅಕ್ಕಾರ. ಅತ್ತಿನ್ನ ತೋರಸೂದಿತ್ತು. ಬಾಗಲದಾಗ ನಿಂತು ಹೇಳಿದ್ರ ಆಕಿಗೆ ಕೇಳಸತೈತಿ, ನಾ ಭಾರ ಆಗೇನಿ ಅಂತ ಅಳತಿದ್ಲು. ಅದಕ್ಕ ಮಧ್ಯಾಹ್ನ ಜಂಪರ ಕೊಡೂ ನೆವದಾಗ ಹೇಳಾಕ ಬಂದಿದ್ದೆ. ನೀವು ಉಣ್ಣಾಕ ಹತ್ತಿದ್ರಿ."

ಅಷ್ಟರಲ್ಲಿ ಶಾಲೆಯವರು ಬಕೆಟ್ಟಿನಲ್ಲಿ ಚಹಾ ತಂದರು. ಆಕೆ ಎರಡು ಲೋಟ ಇಸಕೊಂಡು, ಒಂದನ್ನು ನನ್ನ ಮುಂದೆ ಇಟ್ಟಳು.